ಓಡಲಿಲ್ಲ, ನಡೆದೇ ಹೋದರು

ಪ್ರಶ್ನೆ: ನನ್ನ ಮಗನಿಗೆ ಕಾರ್ ರೇಸಿನ ಹುಚ್ಚು. ಬೆಲ್ಜಿಯಂನ ಜಾಕಿ ಇಕ್ಸ್ ಎಂಬ ಹಳೇ ಡ್ರೈವರ್ ಅವನ ಪಾಲಿಗೆ ದೇವರು. ಆದರೆ ಅವರು ಫಾರ್ಮುಲಾ ಒನ್‌ನಲ್ಲಿ ಒಮ್ಮೆಯೂ ಚಾಂಪಿಯನ್ ಆಗಿಲ್ಲವಂತೆ. ಮತ್ತೇನು ದೊಡ್ಡಸ್ತಿಕೆ? ಇನ್ನೊಂದು ವಿಷಯ, ಈ ಮಹರಾಯ ದಾವಣಗೆರೆಯ ನಿಮ್ಮ ಗ್ಯಾರೇಜಿಗೆ ಕಾರು ತರುವಾಗ ಸೀಟ್ ಬೆಲ್ಟ್ ಹಾಕುವುದೇ ಇಲ್ಲ.
— ಓದುಗರು, ಚಿತ್ರದುರ್ಗ

ಉತ್ತರ: ಎರಡಕ್ಕೂ ಇಕ್ಸ್ ಅವರಿಂದಲೇ ಉತ್ತರ ಕೊಡಿಸುತ್ತೇನೆ ಅಮ್ಮ.

ಚಾಂಪಿಯನ್ ಆಗಲಿಲ್ಲ, ನಿಜ. ಎಂಟು ರೇಸ್ ಗೆದ್ದರು. 1969 ಮತ್ತು 1970ರಲ್ಲಿ ಎರಡನೇ ಸ್ಥಾನ. 1970ರಲ್ಲಿ ಪಾಯಿಂಟ್‌ನಲ್ಲಿ ಮುಂದಿದ್ದ ಯೋಹೆನ್ ರಿಂಟ್ ಇಟಲಿಯ ಮೋನ್ಜಾದಲ್ಲಿ ಅಪಘಾತದಲ್ಲಿ ತೀರಿಕೊಂಡರು. ಅವರು ಬೆಲ್ಟ್ ಹಾಕಿದ್ದರು, ಆದರೆ ತೊಡೆಗಳ ನಡುವೆ ಬರುವ ಪಟ್ಟಿ ಬಿಟ್ಟಿದ್ದರು. ಉಳಿದ ರೇಸ್‌ಗಳಲ್ಲಿ ಇಕ್ಸ್ ಎರಡು ಗೆದ್ದರೂ ಪಾಯಿಂಟ್ ಸಾಲಲಿಲ್ಲ. ಪಟ್ಟ ಸತ್ತವರಿಗೇ ಹೋಯಿತು. ಹಾಗಾಗಿದ್ದೇ ಸರಿ ಎಂದು ಇಕ್ಸ್ ಆಮೇಲೆ ಹೇಳಿಕೊಂಡರು.

ಅವರ ನಿಜವಾದ ಅಖಾಡ ಫ್ರಾನ್ಸಿನ ಲೆ ಮಾನ್, 24 ಗಂಟೆಯ ರೇಸ್. ಆರು ಸಲ ಗೆದ್ದರು. 1977ರಲ್ಲಂತೂ ತಮ್ಮ ಕಾರು ಕೆಟ್ಟಾಗ, ನಲವತ್ತು ಕಾರುಗಳ ಹಿಂದೆ ಬಿದ್ದಿದ್ದ ತಮ್ಮ ತಂಡದ ಇನ್ನೊಂದು ಪೋರ್ಷೆ ಕಾರಿಗೆ ಹತ್ತಿ ರಾತ್ರಿಯೆಲ್ಲ ಓಡಿಸಿದರು. ಅದನ್ನೇ ಗೆಲ್ಲಿಸಿದರು!

ಆದರೆ ನಿಮ್ಮ ಮಗನಿಗೆ ಬೇಕಾಗಿರುವುದು ಅದೇ ಲೆ ಮಾನ್‌ನ 1969ರ ಕಥೆ. ಆಗ ಡ್ರೈವರ್‌ಗಳು ರಸ್ತೆಯ ಆಚೆ ಬದಿಯಲ್ಲಿ ನಿಲ್ಲಬೇಕು. ಬಾವುಟ ಬಿದ್ದ ಕೂಡಲೇ ಓಡಿಬಂದು, ಕಾರಿಗೆ ಹಾರಿ ಹೊರಡಬೇಕು. ಆ ಗಡಿಬಿಡಿಯಲ್ಲಿ ಬೆಲ್ಟ್ ಯಾರಿಗೆ ಬೇಕು, ಅಲ್ವಾ? ಆವತ್ತು ಎಲ್ಲರೂ ಓಡಿದರು. 24 ವರ್ಷದ ಇಕ್ಸ್ ಮಾತ್ರ ಸುಮ್ನೆ ನಡೆದುಕೊಂಡು ಹೋದರು. ಕೂತು, ಬೆಲ್ಟ್ ಬಿಗಿದು, ಎಲ್ಲರಿಗಿಂತ ಕೊನೆಗೆ ಹೊರಟರು. ಮೊದಲನೇ ಸುತ್ತಿನಲ್ಲೇ ಜಾನ್ ವೂಲ್ಫ್ ಎಂಬ ಡ್ರೈವರ್ ಅಪಘಾತದಲ್ಲಿ ಸತ್ತರು. ಅವರು ಬೆಲ್ಟ್ ಹಾಕಿರಲಿಲ್ಲ. ಮಾರನೇ ದಿನ, ಸುಮಾರು 5000 ಕಿಲೋಮೀಟರ್ ಓಡಿದ ಮೇಲೆ, ಇಕ್ಸ್ ಬರೀ 120 ಮೀಟರ್ ಅಂತರದಲ್ಲಿ ಗೆದ್ದರು. ಮುಂದಿನ ವರ್ಷದಿಂದ ಹಾಗೆ ಓಡಿಬಂದು ಕಾರು ಹತ್ತುವ ಪದ್ಧತಿಯೇ ನಿಂತಿತು.

ಇಷ್ಟಕ್ಕೇ ಮುಗಿಯಲಿಲ್ಲ. ಗೆದ್ದ ಮಾರನೇ ಬೆಳಿಗ್ಗೆ ಪ್ಯಾರಿಸ್‌ಗೆ ಹೊರಟಾಗ ಇನ್ನೊಂದು ಕಾರು ಅಡ್ಡ ಬಂದು ಅವರ ಕಾರು ಕಂಬಕ್ಕೆ ಗುದ್ದಿತು. ಕಾರು ಅಪ್ಪಚ್ಚಿ. ಇಕ್ಸ್ ಬೆಲ್ಟ್ ಬಿಚ್ಚಿ ಇಳಿದು ಬಂದರು. ಅದು ರೇಸ್ ಅಲ್ಲ, ನಮ್ಮ ನಿಮ್ಮ ಹಾಗೆ ರಸ್ತೆಯಲ್ಲಿ ಹೋಗುತ್ತಿದ್ದದ್ದು.

ನಾನು ಪಿ.ಬಿ. ರಸ್ತೆಯಲ್ಲಿ ಗ್ಯಾರೇಜ್ ಇಟ್ಟು ಮೂವತ್ತು ವರ್ಷ. ಹೈವೇಯಲ್ಲಿ ಗುದ್ದಿದ ಕಾರುಗಳು ಹಗ್ಗ ಕಟ್ಟಿಸಿಕೊಂಡು ಬರುತ್ತವೆ. ಮುಂದಿನ ಗಾಜಿನಲ್ಲಿ ಒಳಗಡೆಯಿಂದ ದುಂಡಗೆ ಬಿರುಕು ಬಿಟ್ಟಿದ್ದರೆ ನಾನು ಏನೂ ಕೇಳುವುದಿಲ್ಲ. ಒಂದೊಂದು ಸಲ ಆ ಬಿರುಕಿನಲ್ಲಿ ಕೂದಲು ಸಿಕ್ಕಿಕೊಂಡಿರುತ್ತದೆ. ನನ್ನ ಹುಡುಗರು ಆ ಗಾಜು ಬಿಚ್ಚಲು ಒಪ್ಪುವುದಿಲ್ಲ, ನಾನೇ ಬಿಚ್ಚುತ್ತೇನೆ.

ಈಗ ಬೆಲ್ಟ್ ಹಾಕದಿದ್ದರೆ ಕಾರು ಪೀಂ ಪೀಂ ಎನ್ನುತ್ತದೆ. ಆ ಸದ್ದು ನಿಲ್ಲಿಸಲು ಬೆಲ್ಟ್ ಇಲ್ಲದ ಬರೀ ಕೊಂಡಿ ತಂದು ಸಿಕ್ಕಿಸುವ ಜಾಣರು ಜಾಸ್ತಿಯಾಗಿದ್ದಾರೆ. ನಿಮ್ಮ ಮಗನೂ ಹಾಗೇ ಮಾಡಿರಬಹುದು, ಒಮ್ಮೆ ನೋಡಿ. ಸಿಕ್ಕರೆ ಮುಂದಿನ ಸರ್ವಿಸ್‌ಗೆ ಬರುವಾಗ ಅವನ ಕೈಯಲ್ಲೇ ಕೊಟ್ಟು ಕಳಿಸಿ. ನನ್ನ ಡಬ್ಬಿಯಲ್ಲಿ ಅಂಥವು ಹನ್ನೊಂದಿವೆ.