ಲಿಂಕ್ಡ್‌ಇನ್ ಖಾತೆ ಮುಚ್ಚುತ್ತೀರಾ? 14 ದಿನದ ಗಡುವನ್ನು ನಂಬಿ ಕೂರಬೇಡಿ

ಲಿಂಕ್ಡ್‌ಇನ್ ಖಾತೆಯನ್ನು ಶಾಶ್ವತವಾಗಿ ಮುಚ್ಚುವ ಬಗ್ಗೆ ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಮುಚ್ಚಿಯಾದ ಮೇಲೆ ಬರೆದವು. ಒಂದು ವಾರ ಮೊದಲು ಕೇಳಿದ್ದರೆ ಏನಾದರೂ ಮಾಡಬಹುದಿತ್ತು. ಅದಕ್ಕೇ ಈ ಸಲ ಒಂದೇ ಪ್ರಶ್ನೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಬಟನ್ ಎಲ್ಲಿದೆ ಎಂದು ಕೇಳಿದವರು ಸೆಟ್ಟಿಂಗ್ಸ್ ತೆರೆದು ನೋಡಿ, ಅಲ್ಲೇ ಇದೆ.

ಪ್ರಶ್ನೆ: ಕಂಪನಿಯವರು ಕೆಲಸದಿಂದ ತೆಗೆದರು. ಈಗ ಲಿಂಕ್ಡ್‌ಇನ್ ತೆರೆದರೇ ಮನಸ್ಸು ಕೆಡುತ್ತದೆ. ಇವತ್ತೇ ಮುಚ್ಚಿಬಿಡೋಣ ಅಂತಿದ್ದೇನೆ. ಬೇಕೆನಿಸಿದರೆ 14 ದಿನದೊಳಗೆ ಮತ್ತೆ ತೆರೆಯಬಹುದಂತೆ. ಹಾಗಿದ್ದ ಮೇಲೆ ಕಳೆದುಕೊಳ್ಳುವುದೇನಿದೆ?

ಬಹಳ ಇದೆ. 14 ದಿನದೊಳಗೆ ಖಾತೆಯನ್ನು ಮತ್ತೆ ತೆರೆಯಬಹುದು ಎನ್ನುವುದು ನಿಜ. ಮುಚ್ಚಿದ್ದೆಲ್ಲ ಹಾಗೆಹಾಗೇ ಸಿಗುತ್ತದೆ ಎನ್ನುವುದು ಸುಳ್ಳು. ನಿಮಗೆ ಬಂದ ರೆಕಮೆಂಡೇಶನ್ (ನಿಮ್ಮ ಬಗ್ಗೆ ಇನ್ನೊಬ್ಬರು ಬರೆದ ಶಿಫಾರಸು), ಎಂಡೋರ್ಸ್‌ಮೆಂಟ್ (ನಿಮಗೆ ಇಂಥ ಕೌಶಲ ಇದೆ ಎಂಬ ಅನುಮೋದನೆ), ಗ್ರೂಪ್‌ಗಳ ಸದಸ್ಯತ್ವ, ನೀವು ಫಾಲೋ ಮಾಡುತ್ತಿದ್ದ ಕಂಪನಿಗಳು, ಒಪ್ಪದೆ ಬಾಕಿ ಉಳಿದಿದ್ದ ಆಹ್ವಾನಗಳು, ಇವು ಯಾವುವೂ ವಾಪಸ್ ಬರುವುದಿಲ್ಲ. ಲಿಂಕ್ಡ್‌ಇನ್ನೇ ತನ್ನ ಸಹಾಯ ಪುಟದಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದೆ. ಸಿಟ್ಟಿನಲ್ಲಿ ಮುಚ್ಚುವವರು ಅದನ್ನು ಓದುವುದಿಲ್ಲ.

ಎಂಡೋರ್ಸ್‌ಮೆಂಟ್ ಹೋದರೆ ಹೋಗಲಿ, ಅದೊಂದು ಕ್ಲಿಕ್ಕಿನ ಮಾತು. ರೆಕಮೆಂಡೇಶನ್ ಹಾಗಲ್ಲ. ಹಳೆಯ ಮ್ಯಾನೇಜರ್ ಒಬ್ಬರು ಕೂತು ನಾಲ್ಕು ಸಾಲು ಬರೆದಿರುತ್ತಾರೆ, ನೀವು ಯಾವ ಪ್ರಾಜೆಕ್ಟನ್ನು ಹೇಗೆ ದಡ ಮುಟ್ಟಿಸಿದಿರಿ ಎಂದು. ಅವರು ಈಗ ನಿವೃತ್ತರಾಗಿರಬಹುದು, ನಿಮ್ಮ ಸಂಪರ್ಕದಲ್ಲೇ ಇಲ್ಲದಿರಬಹುದು. ಕೆಲಸ ಹುಡುಕುವ ಹೊತ್ತಿನಲ್ಲಿ ಅಂಥ ನಾಲ್ಕು ಸಾಲನ್ನು ಮತ್ತೆ ಯಾರಿಂದ ಬರೆಸುತ್ತೀರಿ? ಇನ್ನೊಂದು ವಿಷಯ ಯಾರ ಗಮನಕ್ಕೂ ಬರುವುದಿಲ್ಲ. ನೀವು ಬೇರೆಯವರಿಗೆ ಬರೆದುಕೊಟ್ಟ ರೆಕಮೆಂಡೇಶನ್ ಕೂಡ ನಿಮ್ಮ ಖಾತೆಯ ಜೊತೆಗೇ ಅಳಿಯುತ್ತದೆ. ನಿಮ್ಮ ಕೈಕೆಳಗೆ ಕೆಲಸ ಕಲಿತ ಹುಡುಗಿಯ ಪ್ರೊಫೈಲ್‌ನಿಂದ ಅವಳಿಗೆ ಗೊತ್ತೇ ಆಗದಂತೆ ನಿಮ್ಮ ಮಾತು ಮಾಯವಾಗುತ್ತದೆ. ಮುಚ್ಚುವ ಮೊದಲು ಅವಳಿಗೊಂದು ಮೆಸೇಜ್ ಹಾಕಿ, ಬರೆದದ್ದನ್ನು ನಕಲು ಮಾಡಿಟ್ಟುಕೊಳ್ಳಲು ಹೇಳಿ.

ಈಗ ನಿಮ್ಮ ಪರಿಸ್ಥಿತಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಖಾತೆಗೆ ಜೋಡಿಸಿದ ಪ್ರೈಮರಿ ಇಮೇಲ್ ಯಾವುದು? ಬಿಟ್ಟ ಕಂಪನಿಯ ಇಮೇಲ್ ಆಗಿದ್ದರೆ ಉಳಿದ ಕೆಲಸ ಬದಿಗಿಟ್ಟು ಮೊದಲು ಅದನ್ನು ಬದಲಿಸಿ. ಪಾಸ್‌ವರ್ಡ್ ರೀಸೆಟ್ ಆಗಲಿ, ನಿಮ್ಮ ಡೇಟಾದ ಡೌನ್‌ಲೋಡ್ ಲಿಂಕ್ ಆಗಲಿ ಬರುವುದು ಆ ವಿಳಾಸಕ್ಕೇ. ಕಂಪನಿ ನಿಮ್ಮ ಮೇಲ್‌ಬಾಕ್ಸ್ ಬಂದ್ ಮಾಡಿದ್ದರೂ ಫೋನಿನ ಆ್ಯಪ್‌ನಲ್ಲಿ ನೀವಿನ್ನೂ ಲಾಗಿನ್ ಆಗಿರಬಹುದು. ಆ್ಯಪ್ ತೆಗೆಯುವ ಮೊದಲು, ಲಾಗೌಟ್ ಆಗುವ ಮೊದಲು, ಸ್ವಂತ ಇಮೇಲ್ ಸೇರಿಸಿ ಅದನ್ನೇ ಪ್ರೈಮರಿ ಮಾಡಿ. ಇದೊಂದು ತಪ್ಪಿದರೆ ಆಮೇಲೆ ಸರ್ಕಾರಿ ಗುರುತಿನ ಚೀಟಿಯ ಫೋಟೋ ಅಪ್‌ಲೋಡ್ ಮಾಡಿ, ಈ ಖಾತೆ ನನ್ನದೇ ಎಂದು ಸಾಬೀತುಪಡಿಸಬೇಕಾಗುತ್ತದೆ.

ಆಮೇಲೆ ಡೇಟಾ. ಸೆಟ್ಟಿಂಗ್ಸ್‌ನ ಡೇಟಾ ಪ್ರೈವಸಿ ಭಾಗದಲ್ಲಿ ನಿಮ್ಮ ಡೇಟಾದ ಪ್ರತಿ ಕೇಳಬಹುದು. ಪೂರ್ತಿ ಸಂಗ್ರಹವನ್ನೇ ಆರಿಸಿ, ಸಾಮಾನ್ಯವಾಗಿ 24 ಗಂಟೆಯೊಳಗೆ ಲಿಂಕ್ ಬರುತ್ತದೆ. ಜಿಪ್ ಬಿಚ್ಚಿದರೆ ಒಳಗೆ ಹಲವು ಸಿಎಸ್‌ವಿ ಫೈಲ್‌ಗಳು, ಅಂದರೆ ಮಾಹಿತಿಯನ್ನು ಕಾಲಮ್‌ಗಳಲ್ಲಿ ಜೋಡಿಸಿದ ಪಟ್ಟಿಗಳು. ಕನೆಕ್ಷನ್ಸ್ ಎಂಬುದನ್ನು ಎಕ್ಸೆಲ್‌ನಲ್ಲಿ ತೆರೆಯಿರಿ. ಹೆಸರು, ಪ್ರೊಫೈಲ್ ಕೊಂಡಿ, ಇಮೇಲ್, ಕಂಪನಿ, ಹುದ್ದೆ, ಸಂಪರ್ಕವಾದ ದಿನ, ಹೀಗೆ ಕಾಲಮ್‌ಗಳಿರುತ್ತವೆ. ಇಮೇಲ್ ಕಾಲಮ್ ನೋಡಿ ಎದೆ ಒಡೆದುಕೊಳ್ಳಬೇಡಿ, ಅದು ಬಹುಪಾಲು ಖಾಲಿ. ತಮ್ಮ ಇಮೇಲನ್ನು ಬೇರೆಯವರು ಡೌನ್‌ಲೋಡ್ ಮಾಡಿಕೊಳ್ಳಲು ಒಪ್ಪಿದವರದ್ದು ಮಾತ್ರ ಅಲ್ಲಿರುತ್ತದೆ. ಖಾತೆ ಮುಚ್ಚಿದ ಮೇಲೆ ನಿಮ್ಮ ಕೈಯಲ್ಲಿ ಉಳಿಯುವುದು ಹೆಸರುಗಳ ಪಟ್ಟಿ. ಹಾಗಾಗಿ ನಿಜವಾಗಿ ಬೇಕಾದ ಇಪ್ಪತ್ತು ಮೂವತ್ತು ಜನರನ್ನು ಗುರುತಿಸಿ, ಖಾತೆ ತೆರೆದಿರುವಾಗಲೇ ಮೆಸೇಜ್ ಮಾಡಿ, ಅವರ ಫೋನ್ ನಂಬರ್ ಅಥವಾ ಇಮೇಲ್ ಕೇಳಿ ಪಡೆಯಿರಿ. ಬೇಸರದ ಕೆಲಸ, ಆದರೂ ಮಾಡಿ. ಮುಂದಿನ ಕೆಲಸದ ಸುಳಿವು ಬರುವುದು ಅವರಿಂದಲೇ. ರೆಕಮೆಂಡೇಶನ್‌ಗಳ ಫೈಲ್ ಸಂಗ್ರಹದಲ್ಲಿ ಇದೆಯೇ ಎಂದು ತೆರೆದು ನೋಡಿ. ಲಿಂಕ್ಡ್‌ಇನ್ ಲರ್ನಿಂಗ್‌ನಲ್ಲಿ ಮಾಡಿದ ಕೋರ್ಸ್‌ಗಳ ಸರ್ಟಿಫಿಕೇಟ್ ಇದ್ದರೆ ಪಿಡಿಎಫ್ ಇಳಿಸಿಕೊಳ್ಳಿ.

ಬೇರೆ ಯಾವ ತಾಣಕ್ಕೆ ಲಿಂಕ್ಡ್‌ಇನ್ ಮೂಲಕ ಲಾಗಿನ್ ಆಗುತ್ತಿದ್ದೀರಿ ಎಂಬುದನ್ನೂ ನೋಡಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಪರ್ಮಿಟೆಡ್ ಸರ್ವಿಸಸ್ ಎಂಬ ಪಟ್ಟಿ ಇದೆ. ಅರ್ಜಿ ಹಾಕಿದ ಉದ್ಯೋಗ ತಾಣಕ್ಕೆ ಅದೇ ಬಾಗಿಲಿಂದ ಹೋಗುತ್ತಿದ್ದರೆ ಅಲ್ಲಿ ಬೇರೆ ಪಾಸ್‌ವರ್ಡ್ ಮಾಡಿಕೊಂಡು ಆಮೇಲೆ ಇಲ್ಲಿ ಮುಚ್ಚಿ. ದುಡ್ಡು ಕೊಟ್ಟು ಪ್ರೀಮಿಯಂ ಸೇವೆ ತೆಗೆದುಕೊಂಡಿದ್ದರೆ, ಗ್ರೂಪ್‌ನ ಮಾಲೀಕರಾಗಿದ್ದರೆ ಅವನ್ನು ಬಗೆಹರಿಸದೆ ಮುಚ್ಚಲು ಬಿಡುವುದೂ ಇಲ್ಲ. ಐಫೋನಿನ ಆ್ಯಪ್ ಸ್ಟೋರ್ ಮೂಲಕ ಪ್ರೀಮಿಯಂ ಕೊಂಡವರು ಆ್ಯಪಲ್‌ನ ಸಬ್‌ಸ್ಕ್ರಿಪ್ಶನ್ ಪಟ್ಟಿಗೆ ಹೋಗಿ ಅಲ್ಲಿ ರದ್ದು ಮಾಡಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನಿಮಗೆ ನನ್ನ ಸಲಹೆ: ಈಗ ಮುಚ್ಚಬೇಡಿ, ಹೈಬರ್ನೇಟ್ ಮಾಡಿ, ಅಂದರೆ ಖಾತೆಯನ್ನು ತಾತ್ಕಾಲಿಕವಾಗಿ ಮಲಗಿಸಿಡಿ. ಸೆಟ್ಟಿಂಗ್ಸ್‌ನಲ್ಲಿ ಮುಚ್ಚುವ ಬಟನ್ ಇರುವ ಅಕೌಂಟ್ ಮ್ಯಾನೇಜ್‌ಮೆಂಟ್ ಭಾಗದಲ್ಲೇ ಅದೂ ಇದೆ. ಪ್ರೊಫೈಲ್ ಯಾರಿಗೂ ಕಾಣುವುದಿಲ್ಲ, ಹಳೆಯ ಮೆಸೇಜ್‌ಗಳಲ್ಲಿ ನಿಮ್ಮ ಹೆಸರಿನ ಜಾಗದಲ್ಲಿ ಲಿಂಕ್ಡ್‌ಇನ್ ಮೆಂಬರ್ ಎಂದಷ್ಟೇ ತೋರುತ್ತದೆ, ಸಂಪರ್ಕ, ರೆಕಮೆಂಡೇಶನ್ ಏನೂ ಅಳಿಯುವುದಿಲ್ಲ. ಮತ್ತೆ ತೆರೆಯಬೇಕೆಂದರೆ ಕನಿಷ್ಠ 24 ಗಂಟೆ ಕಾಯಬೇಕು, ಅಷ್ಟೇ. ಕೆಲಸ ಹೋದ ವಾರದಲ್ಲಿ ಯಾರೂ ಶಾಶ್ವತ ಎನ್ನುವ ಯಾವ ಬಟನ್ನನ್ನೂ ಒತ್ತಬಾರದು. ಬೇರೆ ಕೆಲಸ ಸಿಕ್ಕಿ, ಮನಸ್ಸು ತಿಳಿಯಾದ ಮೇಲೂ ಬೇಡವೆನಿಸಿದರೆ ಧಾರಾಳವಾಗಿ ಮುಚ್ಚಿ.

ಪ್ರಶ್ನೆ: ಫೋನಿನಿಂದ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿ ವರ್ಷವಾಯಿತು. ಖಾತೆ ತಾನಾಗಿ ಹೋಗಿರುತ್ತದಲ್ಲವೇ?

ಇಲ್ಲ. ಈ ಪ್ರಶ್ನೆಯನ್ನು ದಯವಿಟ್ಟು ಇನ್ನು ಕಳಿಸಬೇಡಿ.

ಪ್ರಶ್ನೆ: ಖಾತೆ ಮುಚ್ಚಿದರೆ ನನ್ನ ಮಾಹಿತಿಯೆಲ್ಲ ಅಳಿಯುತ್ತದೆಯೇ?

ಲಿಂಕ್ಡ್‌ಇನ್‌ನವರ ಕೈಯಲ್ಲಿರುವುದನ್ನು ಸಾಮಾನ್ಯವಾಗಿ 30 ದಿನದೊಳಗೆ ಅಳಿಸುತ್ತೇವೆ ಎಂದು ಅವರ ಗೋಪ್ಯತಾ ನೀತಿ ಹೇಳುತ್ತದೆ. ಕಾನೂನಿಗಾಗಿ, ವಂಚನೆ ತಡೆಯುವುದಕ್ಕಾಗಿ ಕೆಲವನ್ನು ಇಟ್ಟುಕೊಳ್ಳಬಹುದು ಎಂಬ ಷರತ್ತೂ ಇದೆ. ನೀವು ಕಳಿಸಿದ ಮೆಸೇಜ್ ಎದುರಿನವರ ಇನ್‌ಬಾಕ್ಸ್‌ನಲ್ಲಿ ಉಳಿಯುತ್ತದೆ.

ಹೊರಗೆ ಹೋದದ್ದು ಮಾತ್ರ ಹೋಯಿತು. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಕದ್ದ ಪಾಸ್‌ವರ್ಡ್‌ಗಳು ಸುಮಾರು 65 ಲಕ್ಷ ಎಂದು ಮೊದಲು ಅಂದುಕೊಂಡಿದ್ದರು. 2016ರಲ್ಲಿ 11 ಕೋಟಿಗೂ ಹೆಚ್ಚು ಖಾತೆಗಳ ಇಮೇಲ್ ಮತ್ತು ಪಾಸ್‌ವರ್ಡ್ ಮಾರಾಟಕ್ಕೆ ಬಂದವು. ಆ ಕಾಲದ ಪಾಸ್‌ವರ್ಡನ್ನು ಇವತ್ತಿಗೂ ಬೇರೆ ಕಡೆ ಬಳಸುತ್ತಿದ್ದೀರಾ? ಖಾತೆ ಮುಚ್ಚುವುದಕ್ಕಿಂತ ಅದನ್ನು ಬದಲಿಸುವುದು ತುರ್ತು. ಸಾರ್ವಜನಿಕ ಪ್ರೊಫೈಲ್‌ಗಳನ್ನು ಪ್ರೋಗ್ರಾಂ ಬರೆದು ಬಾಚಿಕೊಂಡು ಹೋಗಿ ಮಾರುವವರ ಬಳಿ ಇರುವ ಪ್ರತಿಗಳೂ ಹಾಗೇ ಇರುತ್ತವೆ. ಎಐ ತರಬೇತಿಗೆ ಡೇಟಾ ಬಳಸುವ ಸೆಟ್ಟಿಂಗ್ 2024ರಲ್ಲಿ ಬಂತು, ಹಲವು ದೇಶಗಳ ಸದಸ್ಯರಿಗೆ ಅದು ಆನ್ ಆಗಿಯೇ ಇತ್ತು. ಈಗ ಆಫ್ ಮಾಡಿದರೆ ಮುಂದಿನದ್ದಕ್ಕೆ ತಡೆ, ಆಗಿಹೋದ ತರಬೇತಿ ಹಿಂದೆ ಬರುವುದಿಲ್ಲ.

ಪ್ರಶ್ನೆ: ಮುಚ್ಚಿದ ಮೇಲೂ ಗೂಗಲ್‌ನಲ್ಲಿ ನನ್ನ ಪ್ರೊಫೈಲ್ ಬರುತ್ತಿದೆ. ಇಂಟರ್ನೆಟ್‌ನಿಂದಲೇ ಪೂರ್ತಿ ಅಳಿಸಿಕೊಡುತ್ತೇನೆ ಎನ್ನುವವರೊಬ್ಬರು ಸಿಕ್ಕಿದ್ದಾರೆ. ದುಡ್ಡು ಕೊಡಲೇ?

ಒಂದು ಪೈಸೆಯನ್ನೂ ಕೊಡಬೇಡಿ. ನಿಮಗೆ ಕಾಣುತ್ತಿರುವುದು ಗೂಗಲ್ ಹಿಂದೆ ತೆಗೆದಿಟ್ಟುಕೊಂಡ ಪ್ರತಿ, ಒತ್ತಿದರೆ ಪುಟ ತೆರೆಯುವುದಿಲ್ಲ. ಹಳಸಿದ ಫಲಿತಾಂಶ ತೆಗೆಯಿರಿ ಎಂದು ಗೂಗಲ್‌ಗೇ ಮನವಿ ಕಳಿಸುವ ಉಚಿತ ಫಾರ್ಮ್ ಇದೆ, ಇಲ್ಲವಾದರೆ ಸ್ವಲ್ಪ ದಿನದಲ್ಲಿ ತಾನಾಗಿಯೇ ಹೋಗುತ್ತದೆ. ಇನ್ನೂ ಮುಚ್ಚದವರು ಮೊದಲೇ ಸಾರ್ವಜನಿಕ ಪ್ರೊಫೈಲ್ ಆಫ್ ಮಾಡಿಡಿ.

ಈ ಅಳಿಸಿಕೊಡುವವರ ಮೇಲೆ ನನಗೆ ತಡೆಯಲಾರದಷ್ಟು ಕೋಪವಿದೆ. ಅವರು ಕೇಳುವುದು ನಿಮ್ಮ ಪಾಸ್‌ವರ್ಡ್, ಆಮೇಲೆ ಓಟಿಪಿ, ಕೊನೆಗೆ ಗುರುತಿನ ಚೀಟಿ. ಮೂರೂ ಕೊಟ್ಟ ಮೇಲೆ ಖಾತೆ ಅವರದ್ದು. ಅದೇ ಖಾತೆಯಿಂದ ನಿಮ್ಮ ಪರಿಚಿತರಿಗೆ ನಕಲಿ ಕೆಲಸದ ಆಫರ್ ಹೋಗುತ್ತದೆ. ಹುಡುಕಿದಾಗ ಸಿಗುವ ಕಸ್ಟಮರ್ ಕೇರ್ ನಂಬರ್‌ಗಳೂ ಇದೇ ಗುಂಪಿನವರದ್ದು. ದೂರು ಕೊಡುವುದಿದ್ದರೆ ಲಿಂಕ್ಡ್‌ಇನ್‌ನ ಸಹಾಯ ಪುಟದ ಫಾರ್ಮ್ ಮೂಲಕ ಮಾತ್ರ ಕೊಡಿ.

ಪ್ರಶ್ನೆ: ಮುಚ್ಚುವ ಮೊದಲು ಪ್ರೊಫೈಲ್ ತುಂಬ ಸುಳ್ಳು ಮಾಹಿತಿ ತುಂಬಿದರೆ ಹಳೆಯದು ಅಳಿಸಿಹೋಗುತ್ತದೆ ಎಂದು ವಿಡಿಯೋ ನೋಡಿದೆ.

ಅಂಥ ವಿಡಿಯೋ ನೋಡುವುದನ್ನು ಬಿಡಿ. ಫೋನಿನಿಂದ ಅಪ್‌ಲೋಡ್ ಮಾಡಿದ ಕಾಂಟ್ಯಾಕ್ಟ್ ಪಟ್ಟಿ ಇದ್ದರೆ ಅದನ್ನು ಅಳಿಸಿ, ಅದು ನಿಜಕ್ಕೂ ಉಪಯೋಗ.

ಪ್ರಶ್ನೆ: ತಂದೆ ತೀರಿಕೊಂಡರು. ಅವರ ಕೆಲಸದ ವಾರ್ಷಿಕೋತ್ಸವಕ್ಕೆ ಶುಭಾಶಯ ಹೇಳಿ ಎಂದು ಎಲ್ಲರಿಗೂ ಸೂಚನೆ ಹೋಗುತ್ತಿದೆ. ಪಾಸ್‌ವರ್ಡ್ ಗೊತ್ತಿಲ್ಲ.

ಪಾಸ್‌ವರ್ಡ್ ಊಹಿಸಿ ಒಳಗೆ ಹೋಗುವ ಪ್ರಯತ್ನ ಬೇಡ. ತೀರಿಕೊಂಡ ಸದಸ್ಯರಿಗಾಗಿಯೇ ಸಹಾಯ ಪುಟದಲ್ಲಿ ಫಾರ್ಮ್ ಇದೆ. ಅದರಲ್ಲಿ ಎರಡು ದಾರಿ: ಖಾತೆಯನ್ನು ಸ್ಮರಣೆಯ ಪುಟವಾಗಿ ಉಳಿಸಿ ಬೀಗ ಹಾಕಿಸುವುದು, ಅಥವಾ ಮುಚ್ಚಿಸುವುದು. ಮುಚ್ಚಿಸಲು ಮರಣ ಪ್ರಮಾಣಪತ್ರದ ಜೊತೆಗೆ ಅವರ ಪರವಾಗಿ ವ್ಯವಹರಿಸುವ ಕಾನೂನು ಅಧಿಕಾರ ನಿಮಗಿದೆ ಎಂಬ ದಾಖಲೆಯೂ ಬೇಕು. ಅದು ಕೈಗೆ ಬರುವುದು ತಡವಾಗುವಂತಿದ್ದರೆ ಮೊದಲು ಸ್ಮರಣೆಯ ಪುಟಕ್ಕೆ ಅರ್ಜಿ ಹಾಕಿ. ಅವರ ಪ್ರೊಫೈಲ್‌ನ ವಿಳಾಸ ಮತ್ತು ಅವರು ಬಳಸುತ್ತಿದ್ದ ಇಮೇಲ್ ಹುಡುಕಿ ಇಟ್ಟುಕೊಳ್ಳಿ, ಫಾರ್ಮ್ ತುಂಬುವಾಗ ಬೇಕಾಗುತ್ತದೆ.