ಆರಿದ್ರಾ ನಕ್ಷತ್ರದ ಲೇಖನ ಕಳಿಸಿದವರಿಗೆ, ಶಿವಮೊಗ್ಗದಿಂದ

ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಲೇಖನವನ್ನು ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಿರುವಂಥದ್ದೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಹೆಸರು ಹಾಕದೆ ಈ ಪತ್ರವನ್ನು ಪ್ರಕಟಿಸಿದರೆ ಬೇರೆಯವರಿಗೂ ಉಪಯೋಗವಾಗುತ್ತದೆ ಅಂದಾಗ ನೀವು ಒಪ್ಪಿದಿರಿ, ಅದಕ್ಕೆ ಥ್ಯಾಂಕ್ಸ್. ಉಳಿದ ಓದುಗರಿಗೆ ಎರಡು ಮಾತು: ತೀರ್ಥಹಳ್ಳಿ ಕಡೆಯ ಇವರು ನಕ್ಷತ್ರಗಳು ಹೇಗೆ ಸಾಯುತ್ತವೆ ಅಂತ ದೊಡ್ಡ ಲೇಖನ ಬರೆದಿದ್ದಾರೆ. ಅದರಲ್ಲಿ ಆರಿದ್ರಾ ನಕ್ಷತ್ರ ಇದೆ, ಶಿಕಾರಿಪುರದ ಹತ್ತಿರದ ಬಳ್ಳಿಗಾವಿಯ ಶಾಸನ ಇದೆ, ಭದ್ರಾವತಿಯ ಕಬ್ಬಿಣ ಇದೆ, ಖಗೋಳ ವಿಜ್ಞಾನಿ ಚಂದ್ರಶೇಖರ್ ಇದ್ದಾರೆ.

ನನ್ನ ದೊಡ್ಡ ತಕರಾರು ಒಂದೇ. ನಕ್ಷತ್ರ ಉಬ್ಬುತ್ತದೆ, ಕುಸಿಯುತ್ತದೆ, ಸಿಡಿಯುತ್ತದೆ ಅಂತ ಬರೆಯುತ್ತ ಹೋಗಿದ್ದೀರಿ. ಇದೆಲ್ಲ ಗೊತ್ತಾದದ್ದು ಹೇಗೆ? ನಕ್ಷತ್ರದ ಆಯಸ್ಸು ಕೋಟಿಗಟ್ಟಲೆ ವರ್ಷ, ನೋಡುವವರದ್ದು ಎಂಬತ್ತೋ ತೊಂಬತ್ತೋ. ಒಂದೇ ನಕ್ಷತ್ರವನ್ನು ಹುಟ್ಟಿನಿಂದ ಸಾವಿನವರೆಗೆ ನೋಡಿದವರು ಯಾರೂ ಇಲ್ಲ. ಹಾಗಿದ್ದೂ ಇಷ್ಟು ಗಟ್ಟಿಯಾಗಿ ಹೇಳಲು ಸಾಧ್ಯವಾಗಿದೆ ಅಂದರೆ ಅಲ್ಲೊಂದು ಕಥೆ ಇರಲೇಬೇಕು, ಅಲ್ವಾ? ಆ ಕಥೆಯನ್ನೇ ನೀವು ಬಿಟ್ಟಿದ್ದೀರಿ. ಸಂಶೋಧನೆ ಬಗ್ಗೆ ಬರೆಯಲು ಹೊರಟು ಪ್ರವಚನ ಮಾಡಿಬಿಟ್ಟಿದ್ದೀರಿ.

ಶುರುವಿನಿಂದಲೇ ಬರೋಣ. 'ಆಗುಂಬೆಯ ಮಳೆಗಾಲದ ರಾತ್ರಿ, ತಲೆಯ ಮೇಲೆ ಲಕ್ಷ ನಕ್ಷತ್ರಗಳು' ಅಂತ ಮೊದಲ ಸಾಲು. ಸ್ವಾಮಿ, ಜುಲೈನಲ್ಲಿ ಆಗುಂಬೆಯಲ್ಲಿ ಎದುರಿಗೆ ಬರುವ ಬಸ್ಸೇ ಕಾಣುವುದಿಲ್ಲ. ನೀವು ಅಲ್ಲೇ ಹುಟ್ಟಿ ಬೆಳೆದವರು, ನಿಮಗಿದು ಗೊತ್ತಿಲ್ಲದ್ದಲ್ಲ. ಲೇಖನ ಅಂದ ತಕ್ಷಣ ಕಣ್ಣು ಮುಚ್ಚಿಕೊಂಡು ಬರೆಯುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಆ ಪುಟ ಪೂರ್ತಿ ತೆಗೆಯಿರಿ.

ಒಳ್ಳೆಯ ಶುರು ಒಳಗೆಲ್ಲೋ ಹೂತುಹೋಗಿದೆ. ನಿಮ್ಮಜ್ಜಿ ಹೇಳುತ್ತಿದ್ದ 'ಆದ್ರೆ ಆರಿದ್ರಾ, ಇಲ್ದಿದ್ರೆ ದರಿದ್ರಾ' ಅನ್ನುವ ಮಾತನ್ನು ಒಂದು ಸಾಲಿನಲ್ಲಿ ಮುಗಿಸಿ ಮುಂದೆ ಓಡಿದ್ದೀರಿ. ಸ್ವಲ್ಪ ನಿಲ್ಲಬೇಕಿತ್ತು. ಗದ್ದೆಯವರು ಕಾಯುವ ಆ ಮಳೆಗೆ ಹೆಸರು ಕೊಟ್ಟ ನಕ್ಷತ್ರವೇ ಮುಪ್ಪಿಗೆ ಬಂದ ಕೆಂಪು ಅತಿದೈತ್ಯ, ಇಂಗ್ಲಿಷಿನವರ ಬೀಟಲ್‌ಜ್ಯೂಸ್. ಸೂರ್ಯನ ಜಾಗದಲ್ಲಿ ತಂದಿಟ್ಟರೆ ಮಂಗಳನ ಕಕ್ಷೆಯನ್ನೂ ದಾಟಿ ನಿಲ್ಲುವಷ್ಟು ದೊಡ್ಡದು. ಇನ್ನೂ ಒಂದು ವಿಷಯ ಇದೆ. ಜೂನ್ 21-22ರ ಹೊತ್ತಿಗೆ ಸೂರ್ಯ ಆರಿದ್ರಾಕ್ಕೆ ಬರುತ್ತಾನೆ, ಆಗಲೇ ಆರಿದ್ರಾ ಮಳೆ. ಅಂದರೆ ಆ ಎರಡು ವಾರ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತದೆ. ಮೋಡ ಇಲ್ಲದಿದ್ದರೂ ಕಾಣುವುದಿಲ್ಲ. ನೀವು ಮಾತ್ರ ಅಜ್ಜಿಯನ್ನು ಮಳೆಯಲ್ಲಿ ನಿಲ್ಲಿಸಿ ಅದನ್ನು ತೋರಿಸಿಬಿಟ್ಟಿದ್ದೀರಿ.

'ಆರಿದ್ರಾ ಯಾವತ್ತೋ ಸತ್ತಿದೆ, ನಾವು ನೋಡುತ್ತಿರುವುದು ಅದರ ಹೆಣದ ಬೆಳಕು.' ಈ ಸಾಲು ನಿಮಗೆ ತುಂಬ ಇಷ್ಟ ಅಂತ ಕಾಣುತ್ತದೆ, ಮೂರು ಕಡೆ ಬಂದಿದೆ. ಲೆಕ್ಕ ಹಾಕಿ ನೋಡಿ. ಆರಿದ್ರಾ ಇರುವುದು ಸುಮಾರು 500ರಿಂದ 700 ಜ್ಯೋತಿರ್ವರ್ಷ ದೂರದಲ್ಲಿ, ಅಂದರೆ ಅದರ ಬೆಳಕು ನಮ್ಮನ್ನು ಮುಟ್ಟಲು ಅಷ್ಟು ವರ್ಷ ಬೇಕು. ಅದು ಸಿಡಿಯಲು ಇನ್ನೂ 1 ಲಕ್ಷ ವರ್ಷ ಬೇಕಾಗಬಹುದು ಅನ್ನುವುದು ಹೆಚ್ಚಿನ ಖಗೋಳ ವಿಜ್ಞಾನಿಗಳ ಅಂದಾಜು. ಆ 1 ಲಕ್ಷದಲ್ಲಿ ಬೆಳಕು ದಾರಿಯಲ್ಲಿ ಕಳೆದ 600 ವರ್ಷ ಎಷ್ಟಾಯಿತು? ನೂರರಲ್ಲಿ ಒಂದು ಪಾಲೂ ಇಲ್ಲ. ಇವತ್ತು ಅದು ಇದ್ದೇ ಇದೆ ಅಂತ ಧೈರ್ಯವಾಗಿ ಪಂದ್ಯ ಕಟ್ಟಬಹುದು. ಬರಿಗಣ್ಣಿಗೆ ಕಾಣುವ ಬೇರೆ ನಕ್ಷತ್ರಗಳದ್ದೂ ಇದೇ ಕಥೆ. ಹೆಚ್ಚಿನವು ಒಂದೆರಡು ಸಾವಿರ ಜ್ಯೋತಿರ್ವರ್ಷದ ಒಳಗೇ ಇವೆ, ಹೆಚ್ಚುಕಮ್ಮಿ ಎಲ್ಲವೂ ಆರಾಮಾಗಿ ಬದುಕಿವೆ. ನಮ್ಮ ಕವಿಗಳಿಗೆ ಬೇಜಾರಾಗಬಹುದು, ಏನು ಮಾಡೋದು.

ಅದರ ಬದಲು ನಿಜವಾಗಿ ನಡೆದದ್ದನ್ನು ಬರೆಯಿರಿ. 2019ರ ಕೊನೆಗೆ ಆರಿದ್ರಾ ಮಂಕಾಗತೊಡಗಿತು. 2020ರ ಫೆಬ್ರವರಿ ಹೊತ್ತಿಗೆ ಅದರ ಹೊಳಪು ಮಾಮೂಲಿನ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ರೋಹಿಣಿ ನಕ್ಷತ್ರದ ಪಕ್ಕ ಇಟ್ಟು ನೋಡಿದರೆ ಬರಿಗಣ್ಣಿಗೇ ಗೊತ್ತಾಗುತ್ತಿತ್ತು. ಸಿಡಿಯುತ್ತದೆ ಅಂತ ಪೇಪರಿನಲ್ಲೆಲ್ಲ ಬಂತು, ಸಿಡಿಯಲಿಲ್ಲ. ಹಬಲ್ ದೂರದರ್ಶಕದ ದಾಖಲೆ ಇಟ್ಟುಕೊಂಡು ಆಂಡ್ರಿಯಾ ಡುಪ್ರೀ ಮತ್ತು ಜೊತೆಯವರು, ಮಂಕಾಗುವ ಮುಂಚೆಯೇ ನಕ್ಷತ್ರದಿಂದ ಬಿಸಿ ಅನಿಲ ಹೊರಗೆ ಹೊರಟಿದ್ದನ್ನು ಗುರುತಿಸಿದರು. ಚಿಲಿ ದೇಶದ ದೊಡ್ಡ ದೂರದರ್ಶಕ ತೆಗೆದ ಚಿತ್ರಗಳಲ್ಲಿ ನಕ್ಷತ್ರದ ದಕ್ಷಿಣ ಭಾಗ ಮಾತ್ರ ಕಪ್ಪಿಟ್ಟಿತ್ತು. ಹೊರಬಿದ್ದ ಅನಿಲ ತಣ್ಣಗಾಗಿ ಧೂಳಾಗಿ ನಮ್ಮ ಕಣ್ಣಿಗೆ ಅಡ್ಡ ಬಂದಿತ್ತು ಅನ್ನುವ ವಿವರಣೆ 2021ರ ಹೊತ್ತಿಗೆ ಗಟ್ಟಿಯಾಯಿತು. ಆ ಚಳಿಗಾಲದಲ್ಲಿ ನಿಮ್ಮ ಊರಿನಲ್ಲಿ ಏನು ನಡೆಯುತ್ತಿತ್ತು? ಅಡಿಕೆ ಕೊಯ್ಲು. ರಾತ್ರಿ ಹೊತ್ತಾಗುವವರೆಗೂ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುವ ಜನ, ಹೊರಗೆ ಅಂಗಳಕ್ಕೆ ಬಂದರೆ ಮೋಡವಿಲ್ಲದ ಆಕಾಶ, ಪೂರ್ವದಿಂದ ಮೇಲೇರುವ ಆರಿದ್ರಾ. ಆ ವರ್ಷ ಅದರ ಬೆಳಕು ಕಮ್ಮಿಯಾದದ್ದನ್ನು ನಿಮ್ಮ ಸುತ್ತ ಯಾರಾದರೂ ಗಮನಿಸಿದ್ದರೋ, ಕೇಳಿ. ಯಾರೂ ನೋಡಿಲ್ಲ ಅಂದರೆ ಅದನ್ನೇ ಬರೆಯಿರಿ.

ಇನ್ನು ಬಳ್ಳಿಗಾವಿ. ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬಂತು. 1054ರಲ್ಲಿ ಕಂಡ ಸೂಪರ್‌ನೋವಾವನ್ನು, ಅಂದರೆ ನಕ್ಷತ್ರ ಸಿಡಿದದ್ದನ್ನು, ಬಳ್ಳಿಗಾವಿಯ ಪಂಡಿತರು ನೋಡಿ ಕಲ್ಲಿನಲ್ಲಿ ಕೆತ್ತಿಸಿದರು ಅಂತ ಬರೆದಿದ್ದೀರಿ. ಯಾವ ಕಲ್ಲು? ಎಲ್ಲಿದೆ? ಲೂಯಿಸ್ ರೈಸ್ ನಮ್ಮ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೇ ಸಂಪುಟಗಳಲ್ಲಿ ನೂರು ವರ್ಷಕ್ಕೂ ಹಿಂದೆಯೇ ಅಚ್ಚು ಹಾಕಿಸಿದ್ದಾರೆ. ತಾಲ್ಲೂಕು, ಶಾಸನದ ಸಂಖ್ಯೆ, ಎಲ್ಲ ಇದೆ. ಆ ಸಂಖ್ಯೆ ಕೊಡಿ, ನಾನೇ ಶಿಕಾರಿಪುರದ ಬಸ್ಸು ಹತ್ತುತ್ತೇನೆ. ಇದು ವಾಟ್ಸಾಪಿನಲ್ಲಿ ಬಂದ ಸಂಗತಿ ಅಂತ ನನ್ನ ಅನುಮಾನ. ಬಳ್ಳಿಗಾವಿಯ ದೊಡ್ಡತನಕ್ಕೆ ಇಂಥದ್ದರ ಅಗತ್ಯವೂ ಇಲ್ಲ. ಅಲ್ಲಿನ ಕೋಡಿಮಠದಲ್ಲಿ ವ್ಯಾಕರಣ, ದರ್ಶನ, ಪುರಾಣ, ಕಾವ್ಯ, ನಾಟಕ ಎಲ್ಲ ಕಲಿಸುತ್ತಿದ್ದರು, ಬಡವರಿಗೆ ಅನ್ನ, ರೋಗಿಗಳಿಗೆ ಔಷಧಿ ಸಿಗುತ್ತಿತ್ತು ಅಂತ 1162ರ ಶಾಸನವೇ ಹೇಳುತ್ತದೆ.

ಶಾಸನದಲ್ಲಿ ಆಕಾಶ ಬರುವುದು ಬೇರೆ ಕಾರಣಕ್ಕೆ. ದಾನ ಕೊಟ್ಟ ಹೊತ್ತು ಹೇಳಬೇಕು, ಅದಕ್ಕೆ ಶಕವರ್ಷ, ಸಂವತ್ಸರ, ತಿಥಿ, ವಾರ, ಸಂಕ್ರಾಂತಿ, ಗ್ರಹಣ. ಬೆಂಗಳೂರಿನ ತಾರಾಲಯದಲ್ಲಿದ್ದ ಬಿ.ಎಸ್. ಶೈಲಜಾ ಮತ್ತು ಜೊತೆಗಾರರು ಇಂಥ ಶಾಸನಗಳನ್ನು ರಾಶಿ ಹಾಕಿಕೊಂಡು, ಅದರಲ್ಲಿರುವ ಗ್ರಹಣಗಳು ಈಗಿನ ಲೆಕ್ಕಕ್ಕೆ ಕೂಡುತ್ತವೋ ಇಲ್ಲವೋ ನೋಡಿದ್ದಾರೆ. ನಿಮಗೆ ಇತಿಹಾಸ, ಖಗೋಳ ಎರಡೂ ಇಷ್ಟ ಅಂತೀರಿ, ಎರಡೂ ಸೇರುವ ಜಾಗ ಇದು.

ಮತ್ತೆ 1054ರ ಜುಲೈ ತಿಂಗಳನ್ನೇ ಮರೆತಿದ್ದೀರಿ. ಚೀನಾದ ಆಸ್ಥಾನದವರು 'ಅತಿಥಿ ನಕ್ಷತ್ರ' ಬಂತು ಅಂತ ಬರೆದದ್ದು ಆ ವರ್ಷ ಜುಲೈ 4ರ ದಿನಕ್ಕೆ. 23 ದಿನ ಅದು ಹಗಲಲ್ಲೂ ಕಂಡಿತ್ತು. ಆ 23 ದಿನವೂ ನಮ್ಮ ಕಡೆ ಮಳೆಗಾಲ! ರಾತ್ರಿ ಹೊತ್ತು 1056ರ ಏಪ್ರಿಲ್‌ವರೆಗೂ ಕಾಣುತ್ತಿತ್ತು, ಮಳೆ ಬಿಟ್ಟ ಮೇಲೆ ಇಲ್ಲಿನವರೂ ನೋಡಿರಬಹುದು. ಆದರೆ 'ನೋಡಿರಬಹುದು' ಅನ್ನುವುದಕ್ಕೂ 'ಕೆತ್ತಿಸಿದರು' ಅನ್ನುವುದಕ್ಕೂ ನಡುವೆ ಒಂದು ಘಾಟಿಯಷ್ಟು ದೂರ ಇದೆ.

ಆ ಅತಿಥಿ ನಕ್ಷತ್ರವೇ ಈಗಿನ ಏಡಿ ನೀಹಾರಿಕೆ ಅನ್ನುವ ಅನಿಲದ ಮೋಡ ಅಂತ ಪತ್ತೆಯಾದ ಬಗೆ ಪತ್ತೇದಾರಿ ಕಥೆಗಿಂತ ಚೆನ್ನಾಗಿದೆ, ನಿಮ್ಮಲ್ಲಿ ಅದಕ್ಕೆ ಅರ್ಧ ಸಾಲು. 1921ರಲ್ಲಿ ಜಾನ್ ಡಂಕನ್ ಹಳೆಯ ಹೊಸ ಫೋಟೋಗಳನ್ನು ಹೋಲಿಸಿ ಆ ಮೋಡ ಹಿಗ್ಗುತ್ತಿದೆ ಅಂದರು. ಹಿಗ್ಗುವ ವೇಗವನ್ನು ಹಿಂದಕ್ಕೆ ಲೆಕ್ಕ ಹಾಕಿದರೆ ಸುಮಾರು 900 ವರ್ಷ ಬರುತ್ತದೆ, 1054ರ ನಕ್ಷತ್ರ ಇದೇ ಇರಬೇಕು ಅಂತ 1928ರಲ್ಲಿ ಎಡ್ವಿನ್ ಹಬಲ್ ಬರೆದರು. ಆದರೆ ಚೀನಾದವರು ಬರೆದದ್ದು ನಿಖರವಾಗಿ ಏನು? ಅದನ್ನು ದೂರದರ್ಶಕ ಹೇಳುವುದಿಲ್ಲ. ಹಳೆಯ ಚೀನೀ ಗ್ರಂಥ ಓದಬಲ್ಲವರು ಬೇಕಿತ್ತು. ಹಾಲೆಂಡಿನ ಲೈಡನ್‌ನಲ್ಲಿದ್ದ ಚೀನೀ ಭಾಷೆಯ ವಿದ್ವಾಂಸ ಡೈವೆಂಡಾಕ್ ಆ ದಾಖಲೆಗಳನ್ನು ಹುಡುಕಿ ಅನುವಾದಿಸಿದರು. ಖಗೋಳದವರಾದ ಯಾನ್ ಊರ್ಟ್ ಮತ್ತು ಅಮೆರಿಕದ ನಿಕೋಲಸ್ ಮೇಯಾಲ್ ಅದರ ಮೇಲೆ ತಮ್ಮ ಲೆಕ್ಕ ಇಟ್ಟರು. ಎರಡೂ ಪ್ರಬಂಧ ಜೋಡಿಯಾಗಿ 1942ರಲ್ಲಿ ಬಂದವು, ಲೈಡನ್ ಆಗ ಜರ್ಮನರ ಕೈಯಲ್ಲಿತ್ತು. ನಕ್ಷತ್ರದ ಸಾವು ಕಣ್ಣಿಗೆ ಬಿದ್ದ ದಿನ ಗೊತ್ತಾಗಲು ಒಬ್ಬ ಭಾಷೆಯ ಪಂಡಿತ ಬೇಕಾಯಿತು. ಇತಿಹಾಸ ಓದಿದವರಿಗೆ ವಿಜ್ಞಾನದಲ್ಲಿ ಏನು ಕೆಲಸ ಅಂತ ಕೇಳುವವರ ಮೇಲೆ ನೀವು ಒಂದು ಪುಟ ರೇಗಿದ್ದೀರಿ. ರೇಗುವುದು ಬೇಡ, ಈ ಕಥೆ ಹೇಳಿ, ಸಾಕು.

ಭದ್ರಾವತಿಯ ಭಾಗ ಉಳಿಸಿಕೊಳ್ಳಿ, ತಿದ್ದಿಕೊಂಡು. ಕೆಮ್ಮಣ್ಣುಗುಂಡಿಯ ಅದಿರು, 1923ರಲ್ಲಿ ಶುರುವಾದ ಕಾರ್ಖಾನೆ, ಅಲ್ಲಿಂದ ನಕ್ಷತ್ರಕ್ಕೆ ಹೋಗುವುದು ಒಳ್ಳೆಯ ಯೋಚನೆ. ಆದರೆ 'ಈ ಕಬ್ಬಿಣ ಸತ್ತ ನಕ್ಷತ್ರದ ತಿರುಳಿನಿಂದ ಬಂದದ್ದು' ಅನ್ನುವುದು ತಪ್ಪು. ದೊಡ್ಡ ನಕ್ಷತ್ರದ ತಿರುಳು ಕಬ್ಬಿಣವಾದ ಮೇಲೆ ಒಂದು ಸೆಕೆಂಡಿಗೂ ಕಮ್ಮಿ ಹೊತ್ತಿನಲ್ಲಿ ಕುಸಿದು ನ್ಯೂಟ್ರಾನ್ ನಕ್ಷತ್ರವೋ ಕಪ್ಪುಕುಳಿಯೋ ಆಗುತ್ತದೆ, ಆ ಕಬ್ಬಿಣ ಹೊರಗೆ ಬರುವುದಿಲ್ಲ. ಹೊರಗೆ ಬರುವುದು ಸ್ಫೋಟದ ಹೊತ್ತಿಗೆ ನಿಕಲ್ ಆಗಿ ತಯಾರಾದದ್ದು. ಅದು ಕೋಬಾಲ್ಟ್ ಆಗುತ್ತದೆ, ಕೋಬಾಲ್ಟ್ ಕಬ್ಬಿಣವಾಗುತ್ತದೆ. ಸ್ಫೋಟಿಸುವ ಬಿಳಿ ಕುಬ್ಜಗಳಿಂದಲೂ, ಅಂದರೆ ಉರಿದು ಮುಗಿದ ಸಣ್ಣ ನಕ್ಷತ್ರಗಳ ಉಳಿದ ತಿರುಳಿನಿಂದಲೂ, ಬಹಳಷ್ಟು ಬರುತ್ತದೆ. ಇಲ್ಲೂ ನನ್ನ ಹಳೇ ಪ್ರಶ್ನೆ: ಹೇಗೆ ಗೊತ್ತಾಯಿತು? 1987ರ ಫೆಬ್ರವರಿಯಲ್ಲಿ ನಮ್ಮ ಪಕ್ಕದ ಗೆಲಾಕ್ಸಿಯಲ್ಲಿ ಒಂದು ನಕ್ಷತ್ರ ಸಿಡಿಯಿತು. ಕೆಲವು ತಿಂಗಳ ನಂತರ ಅದರ ಹೊಳಪು ಸುಮಾರು 77 ದಿನಕ್ಕೆ ಅರ್ಧವಾಗುತ್ತ ಇಳಿಯಿತು. ಆ ಕೋಬಾಲ್ಟಿನ ಅರ್ಧಾಯುಷ್ಯ ಕೂಡ 77 ದಿನ. ಓದುಗರಿಗೆ ಇದನ್ನು ಕೊಡಿ, 'ನಾವೆಲ್ಲ ನಕ್ಷತ್ರದ ಮಕ್ಕಳು' ಅನ್ನುವುದನ್ನು ಎಲ್ಲರೂ ಬರೆಯುತ್ತಾರೆ.

ಚಂದ್ರಶೇಖರ್ ಭಾಗ ಚಿಕ್ಕದು ಮಾಡಿ. ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಅವರಿಗೆ ಸತ್ಯದರ್ಶನವೇನೂ ಆಗಲಿಲ್ಲ. ಬಿಳಿ ಕುಬ್ಜಗಳ ಬಗ್ಗೆ ಕೇಂಬ್ರಿಡ್ಜಿನ ಫೌಲರ್ ಬರೆದದ್ದನ್ನು ಮೊದಲೇ ಓದಿಕೊಂಡಿದ್ದ 19ರ ಹುಡುಗ, 1930ರ ಆ ಪ್ರಯಾಣದಲ್ಲಿ ಅದಕ್ಕೆ ಸಾಪೇಕ್ಷತೆ ಸೇರಿಸಿ ಲೆಕ್ಕ ಹಾಕಿದರು. ಬಿಳಿ ಕುಬ್ಜದ ತೂಕಕ್ಕೆ ಸೂರ್ಯನ 1.4 ಪಟ್ಟು ಅನ್ನುವ ಮಿತಿ ಬಂದದ್ದು ಆ ಹಾದಿಯಲ್ಲಿ. ನಿಮ್ಮ ಸೂರ್ಯ ಕೊನೆಯ ಪುಟದಲ್ಲಿ ಸೂಪರ್‌ನೋವಾ ಆಗಿಬಿಟ್ಟಿದ್ದಾನೆ, ಇದೇ ಮಿತಿಯನ್ನು ವಿವರಿಸಿದ ಮೇಲೂ! ಸೂರ್ಯನಿಗೆ ಅಷ್ಟು ತೂಕ ಇಲ್ಲ. ಸುಮಾರು 500 ಕೋಟಿ ವರ್ಷದ ನಂತರ ಉಬ್ಬಿ, ಮೇಲಿನ ಪದರ ಕಳಚಿ ಬಿಳಿ ಕುಬ್ಜವಾಗುತ್ತಾನೆ.

ಮತ್ತೆ ಕಳಿಸುವಾಗ ಆರಿದ್ರಾ ಒಂದು ಲೇಖನ, ಏಡಿ ನೀಹಾರಿಕೆ ಇನ್ನೊಂದು ಲೇಖನ ಮಾಡಿ. ಒಂದರಲ್ಲಿ ಎರಡನ್ನೂ ತುರುಕಬೇಡಿ. ಭದ್ರಾವತಿಯದ್ದು ಬೇಕಾದರೆ ಮೂರನೆಯದು. ಖಗೋಳದವರ ಪ್ರಬಂಧಗಳು ಆರ್ಕೈವ್ (arXiv) ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಎಲ್ಲ ಅರ್ಥವಾಗದಿದ್ದರೂ ಮೊದಲ ಪುಟ ಮತ್ತು ಕೊನೆಯ ಪುಟ ಓದಿ. ಶಂಕರಘಟ್ಟ ನಿಮಗೆ ದೂರವೇನಲ್ಲ, ಕುವೆಂಪು ವಿಶ್ವವಿದ್ಯಾಲಯದ ಭೌತವಿಜ್ಞಾನದವರಿಗೆ ಒಮ್ಮೆ ತೋರಿಸಿಕೊಂಡು ಬನ್ನಿ. ಇಂಟರ್‌ನೆಟ್‌ನಿಂದ ಇಳಿಸಿದ ಬಣ್ಣಬಣ್ಣದ ಫೋಟೋಗಳು ಬೇಡ, ಯಾರು ಯಾವಾಗ ತೆಗೆದದ್ದು ಅಂತ ಗೊತ್ತಿದ್ದರೆ ಮಾತ್ರ ಕಳಿಸಿ. ಗೌರವಧನ ಕೇಳಿದ್ದಿರಿ, ಲೇಖನ ಅಚ್ಚಾದ ಮೇಲೆ ಕೊಡುತ್ತೇವೆ. ಜಾಸ್ತಿ ಏನಿಲ್ಲ, ಈಗಲೇ ಹೇಳಿರುತ್ತೇನೆ.