ಕಾಸರಗೋಡಿನ ಗ್ರಾಮಸಭೆ: ಜನ ಯಾವಾಗ ಬರುತ್ತಾರೆ, ಯಾವಾಗ ಬರುವುದಿಲ್ಲ

ಮೊದಲು ಹೆಸರಿನ ಗೊಂದಲ ಬಿಡಿಸುತ್ತೇನೆ. ಕರ್ನಾಟಕದಲ್ಲಿ ವಾರ್ಡ್ ಸಭೆ ಅನ್ನುವುದೇ ಇಲ್ಲಿ ಗ್ರಾಮಸಭೆ. ಕೇರಳದ 1994ರ ಕಾಯ್ದೆಯಂತೆ ಪಂಚಾಯತಿನ ಒಂದೊಂದು ವಾರ್ಡೂ ಒಂದು ಗ್ರಾಮ. ಸಭೆ ಕರೆಯುವವರು ವಾರ್ಡ್ ಮೆಂಬರು, ಮೂರು ತಿಂಗಳಿಗೊಮ್ಮೆಯಾದರೂ ಕರೆಯಬೇಕು. ಸತತ ಎರಡು ಸಲ ತಪ್ಪಿದರೆ ಸದಸ್ಯತ್ವಕ್ಕೇ ಕುತ್ತು. ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ಶೇ. 10: ಮತದಾರರು 1200 ಇದ್ದರೆ 120 ಮಂದಿ.

ಸಭೆಗೆ ತೂಕ ಬಂದದ್ದು 1996ರ ನಂತರ. ಜನಕೀಯಾಸೂತ್ರಣ, ಅಂದರೆ ಊರಿನ ಯೋಜನೆಯನ್ನು ಜನರೇ ರೂಪಿಸುವ ಕ್ರಮ, ಶುರುವಾಗಿ, ರಾಜ್ಯದ ಯೋಜನಾ ಹಣದ ಶೇ. 35ರಿಂದ 40ರಷ್ಟು ಸ್ಥಳೀಯ ಸಂಸ್ಥೆಗಳ ಕೈಗೆ ಬಂತು. ಮನೆ ರಿಪೇರಿ, ಹಸು, ಗೊಬ್ಬರ ಯಾರಿಗೆ ಎಂಬ ಪಟ್ಟಿ ಸಭೆಯ ಮುಂದೆ ಬರುವ ದಿನ ಶಾಲೆಯ ಕೋಣೆ ತುಂಬುತ್ತದೆ. ಲೆಕ್ಕಪತ್ರ ಓದುವ ದಿನ ಬೆಂಚು ಖಾಲಿ. ಪಟ್ಟಿಯಿಂದ ಏನೂ ಸಿಗದ ಮಧ್ಯಮ ವರ್ಗದವರು ಎರಡೂ ದಿನ ಮನೆಯಲ್ಲೇ. ಕೋರಂ ತುಂಬಿಸುವವರು ಬಹುಪಾಲು ಕುಡುಂಬಶ್ರೀ ಎಂಬ ಸರ್ಕಾರಿ ಮಹಿಳಾ ಸ್ವಸಹಾಯ ಯೋಜನೆಯ ಹೆಂಗಸರು. ಅದರ ಅಯಲ್ಕೂಟದಲ್ಲಿ, ಅಂದರೆ ನೆರೆಹೊರೆಯ ಗುಂಪಿನಲ್ಲಿ, ಮಾತಾಡಿ ರೂಢಿಯಾದವರು, ಹಾಗಾಗಿ ಸಭೆಯಲ್ಲೂ ಬಾಯಿ ಬಿಡುತ್ತಾರೆ.

ನಮ್ಮ ಕಡೆಯ ದೊಡ್ಡ ತೊಡಕು ಭಾಷೆ. ಮಂಜೇಶ್ವರ, ಎಣ್ಮಕಜೆ, ಪೈವಳಿಕೆಯ ಕಡೆ ಚರ್ಚೆ ತುಳು, ಕನ್ನಡದಲ್ಲೇ ಸಾಗಬಹುದು, ಆದರೆ ಬರೆದುಕೊಳ್ಳುವವರಿಗೆ ಕನ್ನಡ ಬಾರದಿದ್ದರೆ ಹೇಳಿದ್ದೊಂದು, ಪುಸ್ತಕಕ್ಕೆ ಬಿದ್ದದ್ದೊಂದು. ಪದಗಳೂ ಮೋಸ ಮಾಡುತ್ತವೆ. ಮಲಯಾಳದ ‘ಪದ್ಧತಿ’ ಎಂದರೆ ನಮ್ಮ ಯೋಜನೆ, ‘ಅಪೇಕ್ಷ’ ಎಂದರೆ ಅರ್ಜಿ. ‘ಗುಣಭೋಕ್ತಾವು’ (ಫಲಾನುಭವಿ) ಎಂಬ ಕಲಂನಲ್ಲಿ ತನ್ನ ಹೆಸರೇ ಬರಬೇಕೆಂದು ಅಜ್ಜಿಗೆ ಹೊಳೆಯುವುದು ಹೇಗೆ?

ಆದುದರಿಂದ ಹಾಜರಿಗೆ ಸಹಿ ಹಾಕಿ ಎದ್ದು ಹೋಗಬೇಡಿ. ನಿರ್ಣಯವನ್ನು ಗಟ್ಟಿಯಾಗಿ ಓದಿಸಿ, ಅರ್ಥ ಹೇಳಿಸಿ. ಅರ್ಜಿ ಕನ್ನಡದಲ್ಲೇ ಕೊಡಿ: ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು 1969ರ ರಾಜ್ಯಭಾಷಾ ಕಾಯ್ದೆಯಲ್ಲಿದೆ. ಅರ್ಜಿಯ ಒಂದು ಪ್ರತಿ ಇಟ್ಟುಕೊಂಡು ರಶೀದಿ ಕೇಳಿ. ನೀರಿನ ಸಮಸ್ಯೆಯಂಥ ತುರ್ತು ವಿಷಯಕ್ಕೆ ಮುಂದಿನ ಸಭೆಯವರೆಗೆ ಕಾಯಬೇಕಿಲ್ಲ, ಶೇ. 10 ಮತದಾರರು ವಿಷಯ ಬರೆದು ಸಹಿ ಹಾಕಿ ಕೊಟ್ಟರೆ ಮೆಂಬರು 15 ದಿನದೊಳಗೆ ವಿಶೇಷ ಸಭೆ ಕರೆಯಲೇಬೇಕು. ಆ 120 ಸಹಿ ಒಟ್ಟು ಮಾಡಲು ನೆರೆಯ ಅಯಲ್ಕೂಟಗಳ ಬಾಗಿಲು ಮೊದಲು ತಟ್ಟಿ.